ವಿಕ್ಟೋರಿಯಾ ಬಂದರಿನ ಸ್ಟಾರ್ ಫೆರಿ: ಒಂದು ಐತಿಹಾಸಿಕ ವಿವೇಚನೆ

ಪೂರ್ವ ಏಷ್ಯಾದ ಬಂದರು ನಗರಗಳ ಚರಿತ್ರೆಯಲ್ಲಿ ಗವರ್ನರುಗಳ, ಬ್ಯಾಂಕುಗಳ ಹಾಗೂ ಅಫೀಮು ವ್ಯಾಪಾರಿಗಳ ವಿಷಯ ಸಾಕಷ್ಟು ಬರೆಯಲ್ಪಟ್ಟಿದೆ. ನಿತ್ಯವೂ ನೀರು ದಾಟಿದ ಸಾಮಾನ್ಯ ಪ್ರಯಾಣಿಕನಿಗೆ ಅಲ್ಲಿ ದೊರೆತಿರುವ ಸ್ಥಳ ಕಡಿಮೆ. ನಮ್ಮ ಕರಾವಳಿಯ ಕಡವುಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಹಾಂಗ್‌ಕಾಂಗ್ ದ್ವೀಪಕ್ಕೂ ಕೌಲೂನ್ ಪರ್ಯಾಯದ್ವೀಪಕ್ಕೂ ನಡುವೆ ಸಂಚರಿಸುವ ಸ್ಟಾರ್ ಫೆರಿಯ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಂಗ್‌ಕಾಂಗ್ ದ್ವೀಪವು 1842ರಲ್ಲಿಯೂ ಕೌಲೂನಿನ ದಕ್ಷಿಣ ತುದಿಯು 1860ರಲ್ಲಿಯೂ ಬ್ರಿಟಿಷರ ವಶವಾದವು. ಒಂದೇ ಆಡಳಿತಕ್ಕೆ ಸೇರಿದರೂ ಇವೆರಡನ್ನು ಬೇರ್ಪಡಿಸುವ ಜಲಸಂಧಿ ಹಾಗೆಯೇ ಉಳಿಯಿತು. ಅದನ್ನು ದಾಟಲು ಜನರು ಚೀನೀ ಅಂಬಿಗರ ಸಂಪಾನ್ ದೋಣಿಗಳನ್ನು ಆಶ್ರಯಿಸಬೇಕಾಗಿತ್ತು. ಇಲ್ಲಿ ನಿಯತ ಉಗಿದೋಣಿ ಸಂಚಾರಕ್ಕೆ ತಳಹದಿ ಹಾಕಿದವನು ಆಂಗ್ಲನಲ್ಲ, ಚೀನೀಯನೂ ಅಲ್ಲ. ಭಾರತದಿಂದ ವಲಸೆ ಹೋಗಿದ್ದ ದೊರಾಬ್ಜಿ ನವರೋಜಿ ಮಿಠಾಯಿವಾಲಾ ಎಂಬ ಪಾರ್ಸಿ. ರೊಟ್ಟಿ ತಯಾರಿಕೆ ಹಾಗೂ ಹೋಟೆಲು ಉದ್ಯಮದಲ್ಲಿ ನೆಲೆಗೊಂಡಿದ್ದ ಈತ 1888ರಲ್ಲಿ ಕೌಲೂನ್ ಫೆರಿ ಕಂಪನಿಯನ್ನು ಸ್ಥಾಪಿಸಿದನು. ಹತ್ತು ವರ್ಷಗಳ ನಂತರ, 1898ರಲ್ಲಿ, ಈ ಸಂಸ್ಥೆಯು ಕೌಲೂನಿನ ಹಡಗುಕಟ್ಟೆ ಮತ್ತು ಗೋದಾಮುಗಳ ಕಂಪನಿಯ ಕೈಸೇರಿ ಸ್ಟಾರ್ ಫೆರಿ ಎಂಬ ಹೆಸರನ್ನು ಪಡೆಯಿತು. ಚೀನಾದಿಂದ ನ್ಯೂ ಟೆರಿಟರಿಸ್ ಪ್ರದೇಶವನ್ನು ಬ್ರಿಟಿಷರು ಗೇಣಿಗೆ ಪಡೆದುದೂ ಅದೇ ವರ್ಷ ಎಂಬುದು ಗಮನಾರ್ಹ. ಕೌಲೂನಿನ ಹಿನ್ನಾಡು ಹಿಗ್ಗುತ್ತಿದ್ದ ಕಾಲವದು.

ದೋಣಿಗಳ ಹೆಸರುಗಳೆಲ್ಲ ‘ಸ್ಟಾರ್’ ಎಂದು ಕೊನೆಗೊಳ್ಳುವುದಕ್ಕೆ ಟೆನಿಸನ್ನನ ‘ಕ್ರಾಸಿಂಗ್ ದ ಬಾರ್’ ಕವಿತೆಯ ಮೇಲೆ ದೊರಾಬ್ಜಿಗಿದ್ದ ಪ್ರೀತಿಯೇ ಕಾರಣವೆಂಬ ಹೇಳಿಕೆ ಪ್ರಚಲಿತವಾಗಿದೆ. ಆದರೆ ಆ ಕವಿತೆ ರಚಿತವಾದುದು 1889ರಲ್ಲಿ. ದೋಣಿಗಳಿಗೆ ಮೊದಲಿನಿಂದಲೂ ಈ ಹೆಸರುಗಳಿದ್ದುದಾದರೆ ಕಾಲಗಣನೆಯು ಈ ಐತಿಹ್ಯವನ್ನು ಒಪ್ಪುವುದಿಲ್ಲ. ಇದನ್ನು ಸುಂದರವಾದ ಜನಜನಿತ ಕಥೆ ಎಂದಷ್ಟೇ ಪರಿಗಣಿಸುವುದು ಲೇಸು.

ಕೌಲೂನ್–ಕ್ಯಾಂಟನ್ ರೈಲುಮಾರ್ಗದ ಆರಂಭ (1910) ಹಾಗೂ ಅದರ ಕೊನೆಯ ನಿಲ್ದಾಣವು ಚಿಮ್ ಷಾ ಚುಯ್ ಕಟ್ಟೆಯ ಪಕ್ಕದಲ್ಲಿಯೇ ತಲೆಯೆತ್ತಿದುದು ಫೆರಿಯ ಮಹತ್ವವನ್ನು ಹೆಚ್ಚಿಸಿದವು. ದೋಣಿಗಳ ರಚನೆಯೂ ಈ ಎಡೆಬಿಡದ ಓಡಾಟಕ್ಕೆ ತಕ್ಕಂತಿದೆ. ಅವುಗಳಿಗೆ ಮುಂದು ಹಿಂದು ಎಂಬ ಭೇದವಿಲ್ಲ. ಎರಡು ತುದಿಗಳೂ ಒಂದೇ ಬಗೆಯವು. ಕಟ್ಟೆಯಲ್ಲಿ ದೋಣಿಯನ್ನು ತಿರುಗಿಸುವ ಅಗತ್ಯವಿಲ್ಲ, ಪ್ರಯಾಣಿಕನು ಮರದ ಆಸನದ ಒರಗನ್ನು ಆಚೆಗೆ ಮಗುಚಿ ಹೋಗುವ ದಿಕ್ಕಿಗೆ ಮುಖಮಾಡಿ ಕುಳಿತರೆ ಸಾಕು. ಮೇಲಟ್ಟ ಮೊದಲ ದರ್ಜೆ, ಕೆಳಅಟ್ಟ ಎರಡನೆಯ ದರ್ಜೆ. ವಸಾಹತು ಸಮಾಜದ ಶ್ರೇಣಿಗಳು ಕೆಲವೇ ನಿಮಿಷಗಳ ಈ ಪಯಣದಲ್ಲಿಯೂ ಬೇರ್ಪಟ್ಟೇ ಇದ್ದವು.

1966ರ ಘಟನೆಗಳನ್ನು ಇಲ್ಲಿ ತುಸು ವಿವರವಾಗಿ ನೋಡಬೇಕಾಗಿದೆ. ಕಂಪನಿಯು ಮೊದಲ ದರ್ಜೆಯ ದರವನ್ನು 20 ಸೆಂಟುಗಳಿಂದ 25 ಸೆಂಟುಗಳಿಗೆ ಏರಿಸಲು ಅನುಮತಿ ಕೋರಿತು. ನಗರ ಸಭೆಯ ಸದಸ್ಯೆ ಎಲ್ಸಿ ಎಲಿಯಟ್ ಇದನ್ನು ವಿರೋಧಿಸಿ ಸಾವಿರಾರು ಸಹಿಗಳನ್ನು ಸಂಗ್ರಹಿಸಿದರು. ಏಪ್ರಿಲ್ ಮೊದಲ ವಾರದಲ್ಲಿ ಸೋ ಸೌ-ಚುಂಗ್ ಎಂಬ ಯುವಕನು ದ್ವೀಪದ ಕಡೆಯ ಫೆರಿ ಕಟ್ಟೆಯಲ್ಲಿ ಏಕಾಂಗಿಯಾಗಿ ಉಪವಾಸ ಕುಳಿತನು. ಆತನ ಬಂಧನದ ನಂತರ ಕೌಲೂನಿನ ಬೀದಿಗಳಲ್ಲಿ ಗಲಭೆಗಳು ಭುಗಿಲೆದ್ದವು. ಒಬ್ಬನು ಮೃತನಾದನು, ಸಾವಿರಕ್ಕೂ ಹೆಚ್ಚು ಜನ ಬಂಧಿತರಾದರು. ಏರಲಿದ್ದುದು ಮೇಲಟ್ಟದ ದರವೇ ಹೊರತು ಬಡವರು ಕೂರುತ್ತಿದ್ದ ಕೆಳಅಟ್ಟದ್ದಲ್ಲ. ಹಾಗಿದ್ದೂ ಬೀದಿಗಿಳಿದವರಲ್ಲಿ ಬಹುಪಾಲು ಬಡ ತರುಣರೇ. ಆದ್ದರಿಂದ ಐದು ಸೆಂಟು ಕೇವಲ ನಿಮಿತ್ತವೆಂದೂ, ವಸತಿ, ಕೂಲಿ ಹಾಗೂ ಕಿವಿಗೊಡದ ಆಡಳಿತದ ಬಗೆಗಿನ ಅಸಮಾಧಾನವೇ ಮೂಲವೆಂದೂ ಭಾವಿಸುವುದು ಯುಕ್ತ. ಕೊನೆಗೆ ದರವೂ ಏರಿತೆಂಬುದನ್ನು ಮರೆಯಬಾರದು.

ಬಂದರಿನ ತಳದ ಸುರಂಗ ರಸ್ತೆ 1972ರಲ್ಲಿಯೂ ನೀರಡಿಯ ಮೆಟ್ರೋ ರೈಲು 1980ರಲ್ಲಿಯೂ ಸಂಚಾರಕ್ಕೆ ತೆರೆದುಕೊಂಡವು. ಅಲ್ಲಿಂದ ಫೆರಿ ಅನಿವಾರ್ಯವಾಗಿ ಉಳಿಯಲಿಲ್ಲ. 1960ರಲ್ಲಿ ತೆರೆಕಂಡ ‘ದ ವರ್ಲ್ಡ್ ಆಫ್ ಸೂಸಿ ವಾಂಗ್’ ಚಲನಚಿತ್ರದ ನಾಯಕ ನಾಯಕಿಯರು ಮೊದಲು ಭೇಟಿಯಾಗುವುದು ಈ ದೋಣಿಯಲ್ಲಿಯೇ. ಹೀಗೆ ಪರದೇಶಗಳಲ್ಲಿ ಪರಿಚಿತವಾಗಿದ್ದ ದೋಣಿಯನ್ನು ಪ್ರವಾಸಿಗರು ಹುಡುಕಿಕೊಂಡು ಬಂದರು. ಆದರೂ ಪ್ರವಾಸಿ ಆಕರ್ಷಣೆ ಎಂಬ ವಿಶೇಷಣವೊಂದರಿಂದಲೇ ಇದನ್ನು ಅಳೆಯುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕಚೇರಿಗೆ ಹೋಗುವವನೂ ಕ್ಯಾಮೆರಾ ಹಿಡಿದವನೂ ಒಂದೇ ಟಿಕೆಟಿನಲ್ಲಿ ಒಂದೇ ಬೆಂಚಿನ ಮೇಲೆ ಕೂರುವುದೇ ಇದರ ವೈಶಿಷ್ಟ್ಯ.

ಈ ಭಾವನೆ ಎಷ್ಟು ಆಳವಾದುದೆಂಬುದು 2006ರಲ್ಲಿ ವ್ಯಕ್ತವಾಯಿತು. ಕಡಲನ್ನು ತುಂಬಿ ನೆಲ ಮಾಡುವ ಯೋಜನೆಗಾಗಿ, 1957ರಲ್ಲಿ ಕಟ್ಟಿದ್ದ ಎಡಿನ್‌ಬರೋ ಪ್ಲೇಸ್ ಕಟ್ಟೆಯನ್ನು ಆ ವರ್ಷದ ನವೆಂಬರ್ 11ರಂದು ಮುಚ್ಚಲಾಯಿತು. ಅಂದು ಅಪಾರ ಜನ ಅಲ್ಲಿ ನೆರೆದಿದ್ದರು. ಡಿಸೆಂಬರಿನಲ್ಲಿ, ಯುವಕರ ಪ್ರತಿಭಟನೆಯ ನಡುವೆಯೇ, ಗಡಿಯಾರ ಗೋಪುರವನ್ನು ಕೆಡವಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಕಟ್ಟೆಯನ್ನು ಅನುಕರಿಸಿ ಕಟ್ಟಿದ ಹೊಸ ನಿಲ್ದಾಣಕ್ಕೆ ಫೆರಿ ಸ್ಥಳಾಂತರಗೊಂಡಿತು. ಇದ್ದ ಹಳೆಯದನ್ನು ಕೆಡವಿ, ಇಲ್ಲದ ಹಳೆಯದನ್ನು ಹೊಸದಾಗಿ ಕಟ್ಟಿದ ಈ ಕ್ರಮವನ್ನು ಸಂರಕ್ಷಣೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಆ ಪ್ರತಿಭಟನೆಯು ನೆರೆಯ ಕ್ವೀನ್ಸ್ ಪಿಯರ್‌ನ ಉಳಿವಿನ ಹೋರಾಟವಾಗಿ 2007ರಲ್ಲಿಯೂ ಮುಂದುವರಿಯಿತು. ಅದು ವಿಫಲವಾದರೂ, ಪರಂಪರೆಯ ರಕ್ಷಣೆಗೆಂದೇ ಒಂದು ಕಚೇರಿಯನ್ನು ಸರ್ಕಾರ 2008ರಲ್ಲಿ ತೆರೆಯಬೇಕಾಯಿತು.

ಹುಂಗ್ ಹೋಮ್‌ಗೆ ಹೋಗುತ್ತಿದ್ದ ಮಾರ್ಗಗಳು 2011ರಲ್ಲಿ ನಿಂತವು. ಕೊರೋನಾ ಸೋಂಕಿನ ವರ್ಷಗಳಲ್ಲಿ ಪ್ರವಾಸಿಗರಿಲ್ಲದೆ ಕಂಪನಿಯು ನಷ್ಟ ಅನುಭವಿಸಿ, 2023ರಲ್ಲಿ ದರವನ್ನು ಏರಿಸಿತು. ಟಿಕೆಟಿನ ಹಣವೊಂದರಿಂದಲೇ ದೋಣಿಗಳು ನಡೆಯುವುದಿಲ್ಲ. ಕಟ್ಟೆಗಳ ಮಳಿಗೆಗಳ ಬಾಡಿಗೆಯೂ ಜಾಹೀರಾತುಗಳೂ ಅವುಗಳಿಗೆ ಆಧಾರ. ಕೆಡವಲ್ಪಟ್ಟ ಕಟ್ಟೆಯ ಸಮಕಾಲೀನವಾದ ಚಿಮ್ ಷಾ ಚುಯ್ ಕಟ್ಟೆ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪಕ್ಕದಲ್ಲಿ, 1978ರಲ್ಲಿ ನೆಲಸಮವಾದ ರೈಲು ನಿಲ್ದಾಣದ ಗಡಿಯಾರ ಗೋಪುರವೊಂದೇ ನಿಂತಿದೆ.