ಅರಮನೆಯಿಲ್ಲದ ರಾಜಧಾನಿ

ಭದ್ರಾವತಿಯಿಂದ ಬೆಳಗ್ಗೆ ಬಸ್ ಹತ್ತಿ, ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ ಹಾದು ಬಳ್ಳಿಗಾವಿ ಸೇರಿದೆ. ಇಂಥ ಊರಿಗೆ ಒಬ್ಬರೇ ಹೋಗೋದು ವಾಸಿ. ಜೊತೆಗೆ ಬಂದವರು ಹತ್ತು ನಿಮಿಷದಲ್ಲಿ ಗುಡಿ ನೋಡಿ ಮುಗಿಸ್ತಾರೆ. ಸವೆದ ಅಕ್ಷರ ಕಾಣಬೇಕಾದರೆ ಓರೆಬಿಸಿಲಿಗೆ ಕಾಯಬೇಕು.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ 12000 ನಾಡಿನ ರಾಜಧಾನಿ ಇದು. ಈಗ ಅರಮನೆ ಎಲ್ಲಿ ಅಂದರೆ ತೋರಿಸೋಕೆ ಏನೂ ಇಲ್ಲ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ, ಕೆಲವು ಗುಡಿಗಳು, ಮತ್ತೆ ರಾಶಿ ಶಾಸನಗಳು. ಊರು ಉಳಿದಿರೋದು ಅವುಗಳಲ್ಲೇ.

ಕೇದಾರೇಶ್ವರ ಗುಡಿಗೆ ಸೇರಿದ್ದ ಕಾಳಾಮುಖರ ಮಠದ ಹೆಸರು ಕೋಡಿಯಮಠ. (ಕೋಡಿ ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ, ಎಂಜಿನಿಯರ್ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.) ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಇಲ್ಲಿ ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣಗಳ ಪಾಠ ನಡೀತಿತ್ತು ಅನ್ನುತ್ತೆ. ಜೊತೆಗೇ ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ. ಹಾಡುವವರು, ವಾದ್ಯದವರು, ಕುಣಿಯುವವರಿಗೂ ಅನ್ನ. ಜೈನ ಕ್ಷಪಣಕರಿಗೂ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ.

ಪ್ರಶಸ್ತಿ ಶಾಸನ, ಉತ್ಪ್ರೇಕ್ಷೆ ಇರಲ್ವೇ ಅಂತ ಕೇಳಬಹುದು. ಇರುತ್ತೆ. ಆದರೆ ಬರೀ ಗುರುವನ್ನು ಹೊಗಳೋಕೆ ಮೇರು, ಸಮುದ್ರದ ಹೋಲಿಕೆ ಸಾಕಿತ್ತು. ಕುರುಡರು, ಕಿವುಡರು ಅಂತ ಬಿಡಿಬಿಡಿಯಾಗಿ ಎಣಿಸಬೇಕಾಗಿರಲಿಲ್ಲ. ರಾಜಧಾನಿಯ ಬೀದಿಯಲ್ಲಿ ಯಾರ್ಯಾರು ಓಡಾಡುತ್ತಿದ್ದರು ಅನ್ನೋದಕ್ಕೆ ನನಗೆ ಅರಮನೆಯ ಬುನಾದಿಗಿಂತ ಈ ಪಟ್ಟಿಯೇ ಹೆಚ್ಚು ಬೆಲೆಯ ಸಾಕ್ಷಿ.

ಹೋಗುವ ಮುಂಚೆ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 7ನೇ ಸಂಪುಟದಲ್ಲಿ ಶಿಕಾರಿಪುರ 102 ಓದಿಕೊಂಡು ಹೋಗಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಚೆನ್ನಾಗಿರುತ್ತೆ.