ಬೆಂಕಿಗೆ ಓಡಿದ ಮೂವತ್ತು ಮಂದಿ

ಅಜ್ಜನ ಮುಳಿಹುಲ್ಲಿನ ಮನೆಗೆ ಬೆಂಕಿ ಬಿದ್ದಾಗ ಊರವರು ಬಾವಿಕಟ್ಟೆಯಿಂದ ಕೈಯಿಂದ ಕೈಗೆ ಕೊಡಪಾನ ದಾಟಿಸಿದ ಕಥೆಯನ್ನು ಅಜ್ಜಿಯಿಂದ ಕೇಳಿದ್ದೆ. ಬೆಂಜಮಿನ್ ಫ್ರಾಂಕ್ಲಿನನ ಆತ್ಮಚರಿತ್ರೆ ಓದುವಾಗ ಅದು ನೆನಪಾಯಿತು.

1706ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ಈತ ಮೋಂಬತ್ತಿ ಮಾಡುವವನ ಮಗ. ಅಣ್ಣನ ಅಚ್ಚುಕೂಟದಿಂದ ತಪ್ಪಿಸಿಕೊಂಡು 1723ರಲ್ಲಿ ಫಿಲಡೆಲ್ಫಿಯಾ ಸೇರಿದ. 1735ರಲ್ಲಿ ತನ್ನ ಪತ್ರಿಕೆಯಲ್ಲಿ, ವಯಸ್ಸಾದ ನಾಗರಿಕನ ಸೋಗಿನಲ್ಲಿ (ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ!), ಕೆಂಡವನ್ನು ಮುಚ್ಚದೆ ಕೋಣೆಯಿಂದ ಕೋಣೆಗೆ ಒಯ್ಯಬೇಡಿರೆಂದು ಬರೆದ. 1736ರ ಡಿಸೆಂಬರ್ 7ರಂದು ಯೂನಿಯನ್ ಫೈರ್ ಕಂಪೆನಿ ಹುಟ್ಟಿತು.

ಸಂಬಳವಿಲ್ಲ. ನೀರಿಗೆ ತೊಗಲಿನ ಬಾಲ್ದಿ, ಸಾಮಾನು ಹೊರತರಲು ಗಟ್ಟಿ ಚೀಲ, ಎಲ್ಲವೂ ಸದಸ್ಯನ ಸ್ವಂತ ಖರ್ಚು. ತಿಂಗಳ ಸಭೆಗೆ ತಪ್ಪಿದರೆ ದಂಡ. ಆ ದಂಡದ ಹಣದಿಂದಲೇ ನೀರೆರಚುವ ಯಂತ್ರ, ಏಣಿ, ಕೊಕ್ಕೆ ಬಂದವು. ಸದಸ್ಯರು ಮೂವತ್ತಾದ ಮೇಲೆ ಬಂದವರಿಗೆ, ನೀವೇ ಇನ್ನೊಂದು ಕಂಪೆನಿ ಕಟ್ಟಿಕೊಳ್ಳಿ ಎಂದರು. ಹಾಗೆಯೇ ಒಂದೊಂದಾಗಿ ಹಲವು ಎದ್ದವು. ನನಗೆ ಬಹಳ ಹಿಡಿಸಿದ್ದು ಇದೇ.

1788ರಲ್ಲಿ ಮುದುಕ ಫ್ರಾಂಕ್ಲಿನ್ ಬರೆಯುತ್ತಾನೆ: ಕಂಪೆನಿ ಇನ್ನೂ ಇದೆ, ಮೊದಲಿನವರಲ್ಲಿ ಉಳಿದವರು ತಾನು ಮತ್ತು ತನಗಿಂತ ಒಂದು ವರ್ಷ ಹಿರಿಯನೊಬ್ಬ.

ನಮ್ಮ ಮನೆಯ ಬೆಂಕಿಗೆ ಓಡಿಬಂದವರನ್ನು ಅಜ್ಜಿ ಹೆಸರು ಹಿಡಿದು ಹೇಳುತ್ತಿದ್ದರು. ನಾನು ಬರೆದಿಟ್ಟುಕೊಳ್ಳಲಿಲ್ಲ.