ಶುಗರ್ ಮಾತ್ರೆಯಲ್ಲಿ ಕ್ಯಾನ್ಸರ್‌ಕಾರಕ: ಲ್ಯಾಬ್ ವರದಿಯನ್ನು ಎಷ್ಟು ನಂಬಬಹುದು?

'ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನಲ್ಲಿ ಕ್ಯಾನ್ಸರ್ ತರುವ ರಾಸಾಯನಿಕ ಇದೆ, ಲ್ಯಾಬ್‌ನಲ್ಲೇ ಸಾಬೀತಾಗಿದೆ' ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಪೂರ್ತಿ ಕಟ್ಟುಕಥೆಯಲ್ಲ. ಆದರೆ ಇದರ ಮುಂದಿನ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

2020ರಲ್ಲಿ ಅಮೆರಿಕದ ಖಾಸಗಿ ಪ್ರಯೋಗಾಲಯವೊಂದು ಮೆಟ್‌ಫಾರ್ಮಿನ್‌ನ 38 ಮಾದರಿಗಳಲ್ಲಿ 16ರಲ್ಲಿ ಎನ್‌ಡಿಎಂಎ ಎಂಬ ವಸ್ತು ಮಿತಿ ಮೀರಿದೆ ಎಂದು ಹೇಳಿತು. ಎನ್‌ಡಿಎಂಎ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು. ಅದರ ಮಿತಿ ದಿನಕ್ಕೆ 96 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂ ಅನ್ನು ಕೋಟಿ ಪಾಲು ಮಾಡಿದರೆ ಹೆಚ್ಚುಕಡಿಮೆ ಒಂದು ಪಾಲು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ 38 ಮಾದರಿಗಳನ್ನು ತರಿಸಿಕೊಂಡು ಪರೀಕ್ಷಿಸಿತು. ಮಿತಿ ಮೀರಿದ್ದು 8ರಲ್ಲಿ ಮಾತ್ರ.

ಮಾತ್ರೆ ಅದೇ, ಉತ್ತರ ಬೇರೆ. ಹೇಗೆ?

ಇಂಥ ಪರೀಕ್ಷೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಲಿಕ್ವಿಡ್ ಕ್ರೊಮ್ಯಾಟೊಗ್ರಫಿ: ಕರಗಿಸಿದ ಮಾದರಿಯನ್ನು ದ್ರವದ ಜೊತೆ ಒಂದು ಕೊಳವೆಯೊಳಗೆ ಹಾಯಿಸಿದರೆ ಅದರಲ್ಲಿರುವ ವಸ್ತುಗಳು ಬೇರೆ ಬೇರೆ ಸಮಯಕ್ಕೆ ಹೊರಬರುತ್ತವೆ. ನಂತರ ಮಾಸ್ ಸ್ಪೆಕ್ಟ್ರೊಮೆಟ್ರಿ: ಹೊರಬಂದ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ಅವುಗಳನ್ನು ತೂಗುವುದು. ಎನ್‌ಡಿಎಂಎಯ ತೂಕ ಈ ಯಂತ್ರದಲ್ಲಿ 75.0553.

ಔಷಧ ತಯಾರಿಕೆಯಲ್ಲಿ ಡಿಎಂಎಫ್ ಎಂಬ ದ್ರಾವಕ ಬಳಸುವುದುಂಟು. ಕೆಲವು ಮಾತ್ರೆಗಳಲ್ಲಿ ಅದರ ಲವಲೇಶ ಉಳಿದಿತ್ತು. ಡಿಎಂಎಫ್ ಅಣು ಸಾಮಾನ್ಯವಾಗಿ ಎನ್‌ಡಿಎಂಎಗಿಂತ ಒಂದಂಕಿ ಹಗುರ. ಆದರೆ ಸುಮಾರು 270ರಲ್ಲಿ ಒಂದು ಅಣುವಿನೊಳಗೆ ಪ್ರಕೃತಿಸಹಜವಾಗಿಯೇ ತುಸು ಭಾರದ ನೈಟ್ರೋಜನ್ ಇರುತ್ತದೆ. ಅಂಥ ಅಣುವಿನ ತೂಕ 75.0571. ಸಾಲದ್ದಕ್ಕೆ ಎರಡೂ ವಸ್ತುಗಳು ಕೊಳವೆಯಿಂದ ಒಟ್ಟಿಗೇ ಹೊರಬಂದಿದ್ದವು. ಇಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸುವ ಯಂತ್ರಗಳಿವೆ. ಆದರೆ 'ಇಷ್ಟು ಹೆಚ್ಚುಕಡಿಮೆ ಇದ್ದರೂ ಸರಿ' ಎಂಬ ಸೆಟ್ಟಿಂಗ್ ಸಡಿಲವಾಗಿದ್ದರೆ ಡಿಎಂಎಫ್ ಕೂಡ ಎನ್‌ಡಿಎಂಎ ಲೆಕ್ಕಕ್ಕೇ ಸೇರುತ್ತದೆ. ಚಿನ್ನದಂಗಡಿಯ ತಕ್ಕಡಿ ತಂದು ಈರುಳ್ಳಿ ತೂಗಿದಂತೆ ತೂಗಿದರೆ ಏನಾಗುತ್ತದೋ ಅದೇ ಆಯಿತು.

ಇಲ್ಲಿ ದ್ರಾವಕ ಇದ್ದದ್ದು ಮಾತ್ರೆಯಲ್ಲಿ. ಎಷ್ಟೋ ಸಲ ಕಲ್ಮಶ ಲ್ಯಾಬಿನ ಸ್ವಂತ ದ್ರಾವಕದಿಂದ, ಅದನ್ನು ತುಂಬಿದ ಪ್ಲಾಸ್ಟಿಕ್‌ನಿಂದ, ಗಾಜಿನ ಬಾಟಲಿ ತೊಳೆದ ಸೋಪಿನಿಂದಲೂ ಬರುತ್ತದೆ. ಇಲ್ಲದ್ದನ್ನು ತೋರಿಸುವುದಷ್ಟೇ ಅಲ್ಲ, ಇರುವ ವಸ್ತುವಿನ ಸಂಕೇತವನ್ನು ಅಡಗಿಸಿ ಕಡಿಮೆ ತೋರಿಸುವುದೂ ಉಂಟು. ಅದಕ್ಕೇ ಮಾತ್ರೆ ಹಾಕದೆ ಬರೀ ದ್ರಾವಕವನ್ನೇ ಒಮ್ಮೆ ಯಂತ್ರಕ್ಕೆ ಕೊಟ್ಟು ನೋಡುವುದು ಕಡ್ಡಾಯ ಅಭ್ಯಾಸ.

ಹಾಗಂತ 'ಎಲ್ಲಾ ಸುಳ್ಳು' ಎಂದು ಪ್ರತಿ-ಫಾರ್ವರ್ಡ್ ಮಾಡಬೇಡಿ. ಆ 8 ಮಾದರಿಗಳಲ್ಲಿ ಮಿತಿ ಮೀರಿದ್ದು ನಿಜ. ಅದೇ ವರ್ಷ ಅಮೆರಿಕದಲ್ಲಿ ಕೆಲವು ಕಂಪನಿಗಳು ನಿಧಾನವಾಗಿ ಕರಗುವ ಬಗೆಯ ಮೆಟ್‌ಫಾರ್ಮಿನ್ ಅನ್ನು ಮಾರುಕಟ್ಟೆಯಿಂದ ವಾಪಸ್ ಪಡೆದವು. ಆಗಲೂ ಎಫ್‌ಡಿಎ ರೋಗಿಗಳಿಗೆ ಹೇಳಿದ್ದು, ವೈದ್ಯರು ಬದಲಿ ಔಷಧ ಕೊಡುವವರೆಗೆ ಮಾತ್ರೆ ನಿಲ್ಲಿಸಬೇಡಿ ಎಂದೇ. ಏಕಾಏಕಿ ನಿಲ್ಲಿಸಿದರೆ ಸಕ್ಕರೆ ಏರುವ ಅಪಾಯ ತಕ್ಷಣದ್ದು.

ಮನೆಯಲ್ಲಿರುವ ಮಾತ್ರೆಯ ಬಗ್ಗೆ ಅನುಮಾನವಿದ್ದರೆ ಸ್ಟ್ರಿಪ್ ಮೇಲಿನ ಕಂಪನಿ ಹೆಸರು, ಬ್ಯಾಚ್ ನಂಬರ್ ತೋರಿಸಿ ನಿಮ್ಮ ವೈದ್ಯರನ್ನೇ ಕೇಳಿ. ಇವೆರಡೂ ಇಲ್ಲದ ಫಾರ್ವರ್ಡ್ ಯಾವ ಮಾತ್ರೆಯ ಬಗ್ಗೆ ಮಾತಾಡುತ್ತಿದೆ ಎಂದು ವೈದ್ಯರಿಗೂ ಗೊತ್ತಾಗುವುದಿಲ್ಲ.